ಮೈಮೈಕಬುರಿ: ಎರಡನೆಯ ಮುದ್ರಣಕ್ಕೆ ತಿದ್ದುಪಡಿ

ಹಳೆಯ ನಮೂದು ನಾಲ್ಕೇ ಸಾಲು:
ಕಪ್ಪು ಜೀರುಂಡೆ, ಹಾರಲಾರದು.
ಬಸವನಹುಳುವಿನ ಚಿಪ್ಪನ್ನು ಟೊಪ್ಪಿಗೆಯಂತೆ ತೊಡುತ್ತದೆ.
ಸ್ವಭಾವ ಕ್ರೂರ.
ಸಾದೊ ದ್ವೀಪದಲ್ಲಿ ಹೇರಳ.
ಕೆಳಗೆ ಬರೆದವರ ಮೊದಲಕ್ಷರ, ಶಿ.
ಶಿ ಅಂದರೆ ಶಿರಾಹಮಾ ಮಾಸ್ತರು,
ಹೋಗಿ ಹನ್ನೊಂದು ವರ್ಷವಾಯಿತು.

ಸಂಪಾದಕರು ಅಂದರು, ಇದನ್ನಿಷ್ಟು ಸರಿಮಾಡಮ್ಮ,
ನೂರಿಪ್ಪತ್ತು ಪದ, ಅಕ್ಟೋಬರ್ ಕೊನೆಯೊಳಗೆ.
ಹೆಚ್ಚಿಗೆ ಜಾಗ ಕೇಳಬೇಡ,
ಮೇಲಿನ ಮನೆಯಲ್ಲೇ ಮೈಜುರು ಬಂದರು ಇದೆ,
ಹಡಗು ನಿಲ್ಲಲು ಒಂದೂವರೆ ಪುಟ ಬೇಕು.

ಕೆಂಪು ಪೆನ್ಸಿಲು ಮೊದಲು ಹೊಡೆದದ್ದು ಟೊಪ್ಪಿಗೆಗೆ.
ತೊಡುವುದಲ್ಲ ಅದು, ಉಣ್ಣುವುದು.
ಊಟಕ್ಕೆ ಬಗ್ಗಿದವನನ್ನು ಹಿಂದಿನಿಂದ ಯಾರೋ ಕಂಡು
ಹೆಸರಿಟ್ಟುಬಿಟ್ಟರು: ಬಸವನಹುಳು ಹೊದ್ದವನು.
ಹೆಸರು ತಿದ್ದುವ ಹಕ್ಕು ನನಗಿಲ್ಲ.

ದೋಣಿ ಹತ್ತಿ ಹೋದೆ.
ಉಸಾಮಿ ತೊಕುಜಿಯವರದು ದೇವದಾರಿನ ನೆರಳಲ್ಲಿ ಅಣಬೆ ಬೇಸಾಯ,
ಸಾಲಾಗಿ ಒರಗಿಸಿದ ಓಕ್ ದಿಮ್ಮಿ,
ನಡುವೆ ನೆಲಕ್ಕೆ ಹೂತ ನಲವತ್ತು ಲೋಟ,
ತಳದಲ್ಲಿ ವಿನೆಗರು, ಒಂದು ಗುಟುಕು ಶೋಚು.
ಉಳಿದ ಶೋಚು ನಮಗೆ, ಅಂದರು.

ರಾತ್ರಿ ಒಂಬತ್ತೂವರೆಗೆ ಬಂತು.
ಟಾರ್ಚಿಗೆ ಕೆಂಪು ಕಾಗದ ಸುತ್ತಿ ಕೂತಿದ್ದೆವು.
ಬಸವನಹುಳು ನೊರೆ ಉಕ್ಕಿಸಿ ಒಳಗೆ ಸರಿಯಿತು.
ಕತ್ತು ತೂರಿಸುತ್ತದೆ ಈಗ, ಪಿಸುಗುಟ್ಟಿದೆ ನಾನು, ಓದಿದವಳು.
ತಲೆ ಅಲ್ಲಾಡಿಸಿದರು ಮುದುಕ:
ಸಪೂರ ಕತ್ತಿನವು ಆಚೆ ದಡದವು,
ಚಿಪ್ಪಿನೊಳಗೆ ಹೊಕ್ಕು ತಿನ್ನುತ್ತವೆ.
ನಮ್ಮವಕ್ಕೆ ದಪ್ಪ ತಲೆ, ಬಾಗಿಲನ್ನೇ ಒಡೆಯುತ್ತವೆ.
ಒಡೆಯಿತು.
ಪಕ್ಕದ ಕೋಣೆಯಲ್ಲಿ ಯಾರೋ ಕದ್ದು
ಅಕ್ಕಿ ಹಪ್ಪಳ ಮುರಿದಷ್ಟೇ ಸದ್ದು.
ಆಮೇಲೆ ಬಾಯಿಂದ ರಸ ಬಿಟ್ಟು, ಮಾಂಸ ಕರಗಿಸಿ,
ಗಂಜಿಯ ಹಾಗೆ ಹೀರಿತು.
ಬಹಳ ಹೊತ್ತು. ನನ್ನ ಕಾಲು ಜೋಮು ಹಿಡಿಯುವಷ್ಟು ಹೊತ್ತು.

ಕ್ರೂರ ಅನ್ನುವುದನ್ನು ಉಳಿಸಿಕೊಳ್ಳಲೇ? ಕೇಳಿದೆ.
ಬಸವನಹುಳು ನನ್ನ ಅಣಬೆ ತಿಂದ ರಾತ್ರಿಗೆ
ನಿಮ್ಮಲ್ಲಿ ಯಾವ ಪದವಿದೆ? ಕೇಳಿದರು.
ಉತ್ತರ ಹೊಳೆಯದೆ ಜೀರುಂಡೆಯನ್ನು ಎತ್ತಿಕೊಂಡೆ.
ಅದು ಬೆನ್ನು ತಿರುಗಿಸಿ
ಹುಳಿಯ ಪಿಚಕಾರಿ ನೇರ ಕಣ್ಣಿಗೇ ಹಾರಿಸಿತು.
ಚಹಾದ ಕೆಟಲಿನ ನೀರಲ್ಲಿ ತೊಳೆಯುತ್ತ ಮುದುಕ ನಕ್ಕರು:
ಬರೆದುಕೊಳ್ಳಿ, ಇದೂ ಸ್ವಭಾವವೇ.

ಕಣ್ಣು ತೆರೆದಾಗ ಎದುರಿಗೊಂದು ಹಳೆ ಪಂಚಾಂಗ.
ತಿಥಿಗಳ ಬೆನ್ನಲ್ಲಿ ಪೆನ್ಸಿಲಿನ ಲೆಕ್ಕ,
ಇದೇ ಇಳಿಜಾರು, ಇದೇ ನಲವತ್ತು ಲೋಟ:
ಮೂವತ್ತೊಂದು. ಇಪ್ಪತ್ತಾರು. ಇಪ್ಪತ್ತೇಳು.
ಹದಿನಾಲ್ಕು. ಒಂದು ವರ್ಷ ಬರೆದಿಲ್ಲ, ಹೆಂಡತಿ ಆಸ್ಪತ್ರೆಯಲ್ಲಿದ್ದಳಂತೆ.
ಒಂಬತ್ತು.
ಈ ಸಲ ನಾಲ್ಕು, ಈಗ ಕಣ್ಣಿಗೆ ಹಾರಿಸಿದ್ದೂ ಸೇರಿ.
ನಿಮ್ಮ ಮಾಸ್ತರು ಸುಳ್ಳು ಬರೆದಿರಲಿಲ್ಲ, ಅಂದರು.
ಶಾಲೆಯ ಮಕ್ಕಳಿಗೆ ತೋರಿಸಲೆಂದು
ಇದೇ ಬಾಲ್ದಿಯ ತುಂಬ ಒಯ್ದಿದ್ದರು.

ಹೇರಳವನ್ನು ಹೊಡೆದುಹಾಕಲು
ಮೇಜಿನ ಮುಂದೆ ನನಗೆ ಎರಡು ದಿನ ಹಿಡಿಯಿತು.
ಅಪರೂಪ ಎಂದು ಬರೆದು ಅಳಿಸಿದೆ;
ಒಂದು ಇಳಿಜಾರಿನ ಲೆಕ್ಕ ಇಡೀ ದ್ವೀಪದ್ದಲ್ಲ.
ವಿರಳ, ಅದನ್ನೂ ಅಳಿಸಿದೆ.
ಕಾಗದ ತೆಳ್ಳಗಾಗಿ ಮೇಜು ಕಾಣಿಸತೊಡಗಿದಾಗ ಬರೆದೆ:
ಹಿಂದೆ ಹೇರಳವೆಂದು ದಾಖಲಾಗಿದೆ.
ಈಗಿನ ಎಣಿಕೆ ಆಗಬೇಕಿದೆ.
ನೂರಿಪ್ಪತ್ತಮೂರು ಪದ. ಮೂರು ಹೆಚ್ಚು.
ಹುಳಿಯ ವಾಸನೆಯನ್ನು ಬಿಟ್ಟುಕೊಟ್ಟೆ.
ಶಿ ಇದ್ದಲ್ಲೇ ಇರಲಿ ಎಂದು
ಪಕ್ಕದಲ್ಲಿ ನನ್ನ ಅಕ್ಷರ ಸಣ್ಣದಾಗಿ ಸೇರಿಸಿದೆ.

ಪುಸ್ತಕ ಹೊಲಿದು ರಟ್ಟು ಹಾಕಿ ಬಂದ ವಾರ
ದ್ವೀಪದಿಂದೊಂದು ಕಾರ್ಡು, ಅಂಚಿಗೆ ಅಣಬೆಯ ಕಂದು ಕಲೆ:
ಹಿಮ ಬಿತ್ತು. ಕೊಳೆತ ದಿಮ್ಮಿ ಸೀಳಿದರೆ ಒಳಗೆ ಆರು ಜನ,
ಒಬ್ಬರ ಮೇಲೊಬ್ಬರು ಕಾಲು ಹಾಕಿ ನಿದ್ದೆ.
ಮತ್ತೆ ಮುಚ್ಚಿ ಹಗ್ಗ ಕಟ್ಟಿದ್ದೇನೆ.
ನಿಮ್ಮ ಪುಸ್ತಕಕ್ಕೆ ತಡವಾಯಿತೇನೋ.

ತಡವಾಗಿತ್ತು.
ನನ್ನ ಪ್ರತಿಯಲ್ಲಿ ಆ ಕಾರ್ಡನ್ನು
ಮೈಜುರು ಬಂದರಿನ ಮೇಲೆ ಅಂಟಿಸಿದ್ದೇನೆ,
ಹಡಗುಗಳು ಸ್ವಲ್ಪ ಸರಿದುಕೊಳ್ಳಲಿ.